ಅತ್ತೆಯ ರೊಟ್ಟಿಗೊಂದು ತಿರುಗುವ ಹಲಗೆ

ಅತ್ತೆಯವರು ಚಹಾ ಕೇಳಿದ ರೀತಿಯಿಂದ ಇದೆಲ್ಲ ಶುರುವಾಯಿತು. "ಒಂದೀಟ ಚಹಾ ಸಿಗತದೇನವಾ?" ಎಂದರು. ನಾನು ಈ ಮನೆಗೆ ಬಂದು ಹದಿನೆಂಟು ವರ್ಷವಾಯಿತು, ಅವರು ಒಮ್ಮೆಯೂ ಹಾಗೆ ಕೇಳಿದವರಲ್ಲ. "ಚಹಾ ಇಡು" ಎನ್ನುವುದು ಅವರ ಪದ್ಧತಿ. ಕೆಲವೊಮ್ಮೆ ಅಷ್ಟೂ ಇಲ್ಲ, ಖಾಲಿ ಕಪ್ಪನ್ನು ಅಡುಗೆ ಕಟ್ಟೆಯ ಮೇಲೆ ಟಕ್ಕೆಂದು ಇಟ್ಟರೆ ಮುಗಿಯಿತು. ಈಗ ಬೀಗರ ಮನೆಗೆ ಬಂದವರ ಹಾಗೆ ಸೋಫಾದ ತುದಿಯಲ್ಲಿ ಕುಳಿತು, ಸೆರಗು ಸರಿಮಾಡಿಕೊಂಡು ಕೇಳುತ್ತಿದ್ದರು. ನನಗೆ ಹೆದರಿಕೆಯಾಯಿತು.

ಕಾರಣ ಮೊಣಕಾಲು. ಪರೇಲಿನ ಆಸ್ಪತ್ರೆಯಲ್ಲಿ ಎರಡೂ ಮೊಣಕಾಲಿನ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಚೆನ್ನಾಗಿಯೇ ನಡೆಯುತ್ತಿದ್ದರು. ಆದರೆ ಇನ್ನು ನೆಲದ ಮೇಲೆ ಕೂಡುವಂತಿಲ್ಲ, ಬಹಳ ಹೊತ್ತು ನಿಲ್ಲುವಂತೆಯೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಮ್ಮ ಬೊರಿವಲಿಯ ಅಡುಗೆಮನೆಯಲ್ಲಿ ಕೂತು ಮಾಡುವ ಕೆಲಸವೆಲ್ಲ ನೆಲದ ಮೇಲೆ, ನಿಂತು ಮಾಡುವುದೆಲ್ಲ ಕಟ್ಟೆಯ ಮೇಲೆ. ನಡುವಿನ ಎತ್ತರ ಎನ್ನುವುದು ನಮ್ಮ ಮನೆಯಲ್ಲಿ ಇರಲೇ ಇಲ್ಲ. ಹೀಗಾಗಿ ಅತ್ತೆಯವರು ರೊಟ್ಟಿ ಬಡಿಯುವುದು ನಿಂತುಹೋಯಿತು.

ವಿಜಯಪುರದ ಕಡೆ ಹುಟ್ಟಿ ಬೆಳೆದ ಅವರು ಲಂಗ ಉಡುವ ವಯಸ್ಸಿನಿಂದ ಜೋಳದ ರೊಟ್ಟಿ ಬಡಿದವರು. ನಾನು ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತವಳು. ಕರವಸ್ತ್ರದ ನಾಲ್ಕು ಮೂಲೆಗೆ ನಾಲ್ಕು ಬಗೆಯ ಕಸೂತಿ ಹಾಕಬಲ್ಲೆ, ಜೋಳದ ಹಿಟ್ಟು ಮಾತ್ರ ನನ್ನ ಮಾತು ಕೇಳುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಲಟ್ಟಣಿಗೆಯಿಂದ ಲಟ್ಟಿಸುತ್ತೇನೆ. ಮೊದಲಾಗಿದ್ದರೆ ಅದನ್ನು ನೋಡಿ ಅತ್ತೆಯವರು "ಇಸ್ತ್ರಿ ಮಾಡಿದ ಹಪ್ಪಳ" ಎನ್ನುತ್ತಿದ್ದರು. ಈಗ ತಿಂದು, "ಛಲೋ ಆಗೇದ" ಎಂದರು. ಅದು ಚಹಾಕ್ಕಿಂತ ಹೆಚ್ಚು ಹೆದರಿಸಿತು. ತಮ್ಮದೇ ಮನೆಯಲ್ಲಿ ಅವರು ಅತಿಥಿಯಾಗುತ್ತಿದ್ದರು.

ಒಂದು ಮೇಜು ತಂದರಾಯಿತು ಎಂದರು ನಮ್ಮ ಮನೆಯವರು. ಅವರು ಬೆಳಿಗ್ಗೆ ಲೋಕಲ್ ರೈಲು ಹಿಡಿದು ಹೋದರೆ ಸಂಜೆ ಬರುವವರು, ಅವರಿಗೆ ಮನೆ ದೊಡ್ಡದಾಗಿಯೇ ಕಾಣುತ್ತದೆ. ಮೇಜು ಇಟ್ಟರೆ ಫ್ರಿಜ್ಜಿನ ಬಾಗಿಲು ತೆರೆಯದು. ಹೊರಗಿನ ಹಾಲಿನಲ್ಲಿ ಇಡೋಣವೆಂದರೆ, ಸೋಫಾ ಬಿಚ್ಚಿ ಹಾಸಿಗೆ ಮಾಡಲು ಜಾಗ ಸಾಲದು. ಒಂಬತ್ತನೆಯ ಕ್ಲಾಸಿನ ನನ್ನ ಮಗಳು ಇಸ್ತ್ರಿ ಮಾಡುವ ಹಲಗೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ಅದರ ಬಟ್ಟೆಯ ಮೇಲೆ ಯಾವಾಗಲೂ ಒಂದಾದರೂ ಶಾಯಿಯ ಚುಕ್ಕೆ ಇರುತ್ತಿತ್ತು.

ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದಾಗ ಶಾಲೆಯ ಹೊಲಿಗೆ ಮೆಷಿನ್ ನೆನಪಾಯಿತು. ಕ್ಲಾಸು ಮುಗಿದ ಮೇಲೆ ಅದರ ತಲೆಯನ್ನು ಒಳಗೆ ಮಡಚಿ, ರೆಕ್ಕೆಯಂಥ ಹಲಗೆ ಮುಚ್ಚಿದರೆ ಪುಟ್ಟ ಪೆಟ್ಟಿಗೆ. ಬಿಚ್ಚಿದರೆ ಉದ್ದನೆಯ ಟೇಬಲ್. ನಮ್ಮ ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲಿಲ್ಲದ ಚೌಕಟ್ಟಿದೆ. ಅದರ ಪಕ್ಕ ಒಂದಡಿ ಅಗಲದ ಮೂಲೆ, ಛತ್ರಿಗಳು ಮತ್ತು ಹಳೆಯ ಪೇಪರು ಇಡುವ ಜಾಗ. ಅಲ್ಲೊಂದು ಸಪೂರ ಕಪಾಟು ನಿಲ್ಲಿಸಿದರೆ? ಅದರ ಹೊಟ್ಟೆಯಿಂದ ಡ್ರಾಯರಿನಂತೆ ಒಂದು ಹಲಗೆ ಹೊರಗೆ ಬಂದರೆ? ಅದರ ಮೇಲೆ ಇನ್ನೊಂದು ಹಲಗೆ ಕೂತು, ಗಡಿಯಾರದ ಮುಳ್ಳಿನಂತೆ ತಿರುಗಿದರೆ? ಒಂದು ತುದಿ ಅಡುಗೆಮನೆಗೆ, ಇನ್ನೊಂದು ತುದಿ ಹಾಲಿಗೆ. ಈ ತುದಿಯಲ್ಲಿ ಅಜ್ಜಿಯ ರೊಟ್ಟಿ, ಆ ತುದಿಯಲ್ಲಿ ಮೊಮ್ಮಗಳ ಓದು. ಕೆಲಸವಾದ ಮೇಲೆ ನೇರ ಮಾಡಿ ಒಳಗೆ ತಳ್ಳಿದರೆ ಏನೂ ಇಲ್ಲ.

ಮೊದಲು ಕಾಗದ ಕತ್ತರಿಸು, ಆಮೇಲೆ ಬಟ್ಟೆ: ಹೊಲಿಗೆ ಸಿಸ್ಟರು ಹೇಳಿಕೊಟ್ಟ ಪಾಠ. ಪೇಪರುಗಳನ್ನು ಅಂಟಿಸಿ ಹಲಗೆಯಷ್ಟೇ ಉದ್ದದ ಪಟ್ಟಿ ಕತ್ತರಿಸಿದೆ. ಫ್ರಿಜ್ಜಿನ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಮೂಲೆಯ ಅಗಲಕ್ಕೆ ಮಡಚಿ ನಿಲ್ಲಿಸಿ, ಪಟ್ಟಿಯ ನಡುವೆ ಒಂದು ದೊಡ್ಡ ಗುಂಡುಸೂಜಿ ಚುಚ್ಚಿ ಅದಕ್ಕೆ ಸಿಕ್ಕಿಸಿ ತಿರುಗಿಸಿದೆ. ಮೊದಲ ಸಲ ಗೋಡೆಗೆ ತಾಗಿತು. ಎರಡು ಇಂಚು ಕತ್ತರಿಸಿದೆ, ಫ್ರಿಜ್ಜಿನ ಹಿಡಿಕೆಗೆ ತಾಗಿತು. ಮತ್ತೆ ಕತ್ತರಿಸಿದೆ. ಐದನೆಯ ಸಲ ಆ ಕಾಗದ ಯಾವುದಕ್ಕೂ ತಾಗದೆ ಒಂದು ಸುತ್ತು ಪೂರ್ತಿ ಬಂತು. ನನಗೆ ಎಷ್ಟು ಖುಷಿಯಾಯಿತೆಂದರೆ, ಕುಕ್ಕರಿನ ಸೀಟಿ ಎಣಿಸುವುದನ್ನೂ ಮರೆತು ಅದನ್ನು ತಿರುಗಿಸುತ್ತಲೇ ಇದ್ದೆ. ಅಂದು ಬೇಳೆ ಪಾಯಸದಂತಾಗಿತ್ತು.

ಬಡಿಗೇರ ಕಾಕಾ ಒಂದು ಶನಿವಾರ ಬಂದರು. ಅವರೂ ವಿಜಯಪುರದ ಕಡೆಯವರೇ, ಪವಾಯಿಯ ದೊಡ್ಡ ದೊಡ್ಡ ಫ್ಲ್ಯಾಟುಗಳಲ್ಲಿ ಮರಗೆಲಸ ಮಾಡುವವರು. ನನ್ನ ಕಾಗದವನ್ನು ನೆಲದ ಮೇಲೆ ಹರಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಬಹಳ ಹೊತ್ತು ಅಳೆದರು.

"ಅಕ್ಕಾರ, ಸುತ್ತಲೂ ಅರ್ಧ ಇಂಚ ಜಾಸ್ತಿ ಗೆರಿ ಹಾಕೀರಲ್ಲ, ಯಾಕ್ರಿ?"

"ಹೊಲಿಗೆಗೆ ಬಿಟ್ಟಿದ್ದು ಕಾಕಾ" ಎಂದೆ. ಎಂದ ಮೇಲೆ ನನಗೇ ತಿಳಿಯಿತು.

"ಕಟ್ಟಿಗಿಗೆ ಅಂಚ ಮಡಚೂದಿಲ್ರೀ" ಎಂದರು ಕಾಕಾ, ನಗದೆ, ಬಹಳ ಮರ್ಯಾದೆಯಿಂದ.

ಸೋಫಾದ ತುದಿಯಿಂದ ಮೂಗಿನಲ್ಲಿ ಬಂದ ಒಂದು ನಗು ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಅತ್ತೆಯವರು ಕಿಟಕಿ ನೋಡುತ್ತಿದ್ದರು. ನಾನು ಆ ಅರ್ಧ ಇಂಚನ್ನು ಸಂತೋಷದಿಂದ ಕತ್ತರಿಸಿದೆ.

ತಿರುಗಿಸುವ ತಟ್ಟೆ ತಮ್ಮ ಹತ್ತಿರವೇ ಇದೆ ಎಂದರು ಕಾಕಾ. ಪವಾಯಿಯ ಒಂದು ಮನೆಯಲ್ಲಿ ಟಿವಿಯನ್ನು ಹಾಲಿನ ಕಡೆಗೂ ಮಲಗುವ ಕೋಣೆಯ ಕಡೆಗೂ ತಿರುಗಿಸಲು ಹಾಕಿದ್ದರಂತೆ. ಆ ಮನೆಯವರಿಗೆ ಬೇಸರವಾಗಿ ಕಿತ್ತು ಕೊಟ್ಟಿದ್ದರು. ಒಳಗೆ ಉಕ್ಕಿನ ಗುಂಡುಗಳಿದ್ದ ಆ ತಟ್ಟೆ ಬೆಣ್ಣೆಯಷ್ಟು ನಯವಾಗಿ ತಿರುಗುತ್ತಿತ್ತು.

ಎರಡು ವಾರದಲ್ಲಿ ಕಪಾಟು ಬಂತು, ಹಲಗೆ ಕೂತಿತು. ಆ ಸಂಜೆ ನಮ್ಮ ಮನೆಯಲ್ಲಿ ಯಾರೂ ಯಾವ ಕೆಲಸವನ್ನೂ ಮಾಡಲಿಲ್ಲ. ಮಗಳು ಒಂದು ಬೆರಳಿನಿಂದ ತಳ್ಳುವುದು, ಹಲಗೆ ಸುಯ್ಯೆಂದು ಸುತ್ತಿ ಬರುವುದು. ಮನೆಯವರು ಬೂಟನ್ನೂ ಬಿಚ್ಚದೆ ಹಾಲಿನ ತುದಿಯಲ್ಲಿ ಬೀಗದ ಕೈ ಇಟ್ಟು, ಅಡುಗೆಮನೆಯ ತುದಿಯಿಂದ ಎತ್ತಿಕೊಂಡು, ಮತ್ತೆ ಹಾಲಿಗೆ ಓಡಿ ಬಂದು ಇಟ್ಟರು. ಕಾಂದಾ ಇದೆಯೇ ಎಂದು ಈರುಳ್ಳಿ ಕೇಳಲು ಬಂದ ಪಕ್ಕದ ಮನೆಯ ಮರಾಠಿ ವಹಿನಿ ಎರಡು ಸುತ್ತು ತಿರುಗಿಸಿ, ಕಾಂದಾ ಮರೆತು ಹೋದರು.

ಮರುದಿನ ಭಾನುವಾರ. ಅತ್ತೆಯವರು ಬೇಗ ಸ್ನಾನ ಮಾಡಿ, ಹಲಗೆಯ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಅಡುಗೆಮನೆಯ ಕಡೆ ಕುರ್ಚಿ ಹಾಕಿಕೊಂಡು ಕುಳಿತರು. ಎತ್ತರ ಸರಿಯಾಗಿತ್ತು; ಮೊಣಕಾಲು ಹಲಗೆಯ ಕೆಳಗೆ ಆರಾಮಾಗಿ ಹೋದವು. ಆ ತುದಿಯಲ್ಲಿ ಮಗಳು ಜಾಮಿಟ್ರಿ ಪುಸ್ತಕ ತೆರೆದಿದ್ದಳು. ನಾನು ಗ್ಯಾಸಿನ ಹತ್ತಿರ ಹೆಂಚು ಕಾಯಿಸುತ್ತಿದ್ದೆ. ಬಿಸಿನೀರಿನಲ್ಲಿ ಹಿಟ್ಟು ನಾದಿ, ಉಂಡೆ ಮಾಡಿ, ಒಣ ಹಿಟ್ಟು ಉದುರಿಸಿ ಅವರು ಬಡಿಯತೊಡಗಿದರು. ಟಪ್ ಟಪ್ ಟಪ್. ಎಷ್ಟೋ ತಿಂಗಳ ಮೇಲೆ ಆ ಸದ್ದು.

"ಅಜ್ಜೀ, ರುಕೋ ನಾ. ನನ್ನ ಬುಕ್ ಜಾ ರಹಾ ಹೈ" ಎಂದಳು ಮಗಳು.

ಹಲಗೆ ಹೊರಟಿತ್ತು. ಮೊದಲು ಮೆಲ್ಲಗೆ, ಆಮೇಲೆ ಬಡಿತದ ತಾಳಕ್ಕೆ ಸರಿಯಾಗಿ. ಅತ್ತೆಯವರು ಬಡಿಯುವಾಗ ಕೈ ನೋಡುವುದಿಲ್ಲ, ಹೆಂಚು ನೋಡುತ್ತಾರೆ. ಅವರು ಇತ್ತ ತಿರುಗುವಷ್ಟರಲ್ಲಿ ರೊಟ್ಟಿ ಸವಾರಿ ಹೊರಟು ಮೊಮ್ಮಗಳ ಮುಂದೆ ನಿಂತಿತ್ತು, ಅಂಗೈ ಲಂಬಕೋನ ತ್ರಿಭುಜದ ಮೇಲೆ ಬಿದ್ದಿತ್ತು. ಪುಟದ ಮೇಲೆ ಐದು ಬೆರಳೂ ಬಿಳಿಯಾಗಿ ಮೂಡಿದವು. ಮಗಳು ಕುರ್ಚಿಯಿಂದ ಜಾರುವಷ್ಟು ನಕ್ಕಳು. ಮನೆಯವರು ನಕ್ಕರು. ನಾನು ಚಮಚ ಹಿಡಿದುಕೊಂಡೇ ನಕ್ಕೆ.

ಎರಡನೆಯ ರೊಟ್ಟಿಯೂ ಹೊರಟಿತು. ಹಿಡಿಯಲು ಹೋದಾಗ ಹರಿಯಿತು. ಅತ್ತೆಯವರು ತಮ್ಮ ಅಂಗೈ ನೋಡಿಕೊಂಡರು.

"ಕೈ ಹೋತು ಬಿಡವಾ" ಎಂದರು. ಕುರ್ಚಿ ಹಿಡಿದು ಏಳತೊಡಗಿದರು.

ನಗು ನಿಂತುಹೋಯಿತು. ನಾನು ಗ್ಯಾಸು ಆರಿಸಿ ಅವರ ಪಕ್ಕಕ್ಕೆ ಹೋದೆ. ಫ್ರಿಜ್ಜು ಅಳೆದಿದ್ದೆ, ಚೌಕಟ್ಟು ಅಳೆದಿದ್ದೆ, ಅವರ ಮೊಣಕಾಲು, ಮಗಳ ಮೊಣಕೈ ಎಲ್ಲ ಅಳೆದಿದ್ದೆ. ರೊಟ್ಟಿ ಬಡಿಯುವ ಕೈ ಸುಮ್ಮನೆ ಕೆಳಗೆ ಬೀಳುವುದಿಲ್ಲ, ಪ್ರತಿ ಬಡಿತಕ್ಕೂ ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳುತ್ತದೆ, ರೊಟ್ಟಿ ತಾನೇ ತಿರುಗಿ ದುಂಡಗಾಗುವುದು ಅದರಿಂದಲೇ ಎಂಬುದು ಹದಿನೆಂಟು ವರ್ಷ ನೋಡಿದರೂ ನನ್ನ ತಲೆಗೆ ಹೊಳೆದಿರಲಿಲ್ಲ.

ಒಂದು ಉಂಡೆ ತೆಗೆದುಕೊಂಡು, ಅದೇ ಜಾಗದಲ್ಲಿ ನಾನು ಬಡಿದೆ. ಹತ್ತು ಬಡಿತ, ಇಪ್ಪತ್ತು ಬಡಿತ. ರೊಟ್ಟಿ ಅಂಟಿಕೊಂಡು ಅಲ್ಲೇ ಕೂತಿತು. ಹಲಗೆ ಒಂದಿಷ್ಟೂ ಅಲುಗಲಿಲ್ಲ.

"ನೋಡ್ರಿ ಅತ್ತೀ. ನಿಮ್ಮ ಕೈ ಹೋಗಿದ್ರ ಹಲಗಿ ತಿರಗ್ತಿದ್ದಿಲ್ಲ."

ಅವರು ಹಲಗೆ ನೋಡಿದರು. ನನ್ನ ರೊಟ್ಟಿ ನೋಡಿದರು. ಅದನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ತುಟಿಯ ಮೂಲೆ ಮೆಲ್ಲಗೆ ಮೇಲೇರಿತು.

"ಏನದು? ಬೆರಣಿ ತಟ್ಟೀಯೇನ?" ಎಂದರು. "ಸರಿ ಆಕಡೆ."

ಮತ್ತೆ ಕುಳಿತರು. ಬಗ್ಗಿ ಎರಡು ಹಲಗೆಗಳ ನಡುವಿನ ಸಂದಿಗೆ ಬೆರಳಿಟ್ಟು ನೋಡಿ, ಲಟ್ಟಣಿಗೆ ತರಲು ಹೇಳಿದರು. ಅವರು ಇಷ್ಟು ವರ್ಷ ಕೈಯಲ್ಲಿ ಮುಟ್ಟದ ನನ್ನ ಲಟ್ಟಣಿಗೆ. ಅದರ ಸಣ್ಣ ಹಿಡಿಕೆಯನ್ನು ಸಂದಿಯಲ್ಲಿ ತುರುಕಿ ಒಂದು ಗುದ್ದು ಕೊಟ್ಟರು. ಹಲಗೆ ಬಂಡೆಯಂತೆ ನಿಂತಿತು.

"ಇಷ್ಟ ದಿನಕ್ಕ ಒಂದ ಕೆಲಸಕ್ಕ ಬಂತ ನೋಡ ಇದು."

ಅಂದು ಹದಿನಾಲ್ಕು ರೊಟ್ಟಿಯಾದವು. ಪ್ರತಿಯೊಂದೂ ಹೆಂಚಿನ ಮೇಲೆ ಉಬ್ಬಿತು. ನಾನು ಸುಟ್ಟು ತಟ್ಟೆಗೆ ಹಾಕಿದೊಡನೆ ಅವರು ಲಟ್ಟಣಿಗೆ ಕಿತ್ತು, ತಟ್ಟೆಯನ್ನು ಹಲಗೆಯ ಮೇಲಿಟ್ಟು, ಹಿಟ್ಟಿನ ಬೆರಳಿನಿಂದ ಒಂದು ಸಣ್ಣ ತಳ್ಳು ಕೊಡುತ್ತಿದ್ದರು. ಬಿಸಿ ರೊಟ್ಟಿ, ಚಟ್ನಿಪುಡಿಯಂಥ ಶೇಂಗಾ ಹಿಂಡಿ, ಮೊಸರು, ಎಲ್ಲ ಸುತ್ತು ಹಾಕಿಕೊಂಡು ಹಾಲಿನಲ್ಲಿದ್ದ ಅವರ ಮಗನ ಮುಂದೆ ನಿಲ್ಲುತ್ತಿತ್ತು. ಒಂದು ಸಲ ತಳ್ಳು ಜೋರಾಗಿ, ತಟ್ಟೆ ಮಗನನ್ನು ದಾಟಿ ವಾಪಸ್ಸು ಅವರ ಹತ್ತಿರವೇ ಬಂತು. ಅವರು ಅದರಿಂದ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡು ಮತ್ತೆ ಕಳಿಸಿದರು. ಮೊಮ್ಮಗಳು ಮಾತ್ರ ಪುಸ್ತಕವನ್ನು ಎದೆಗೆ ಒತ್ತಿಕೊಂಡೇ ಕುಳಿತಿದ್ದಳು. ಆ ಪುಟದ ಹಿಟ್ಟನ್ನು ಅವಳು ಪೂರ್ತಿ ಒರೆಸಲಿಲ್ಲ. ಶಾಲೆಯಲ್ಲಿ ಟೀಚರಿಗೆ ಏನು ಹೇಳಿದಳೋ ಗೊತ್ತಿಲ್ಲ.

ಆಮೇಲೊಂದು ದಿನ ಬಡಿಗೇರ ಕಾಕಾ ಹಲಗೆ ತಿರುಗದಂತೆ ಹಿಡಿಯಲು ಒಂದು ಒಳ್ಳೆಯ ಸ್ಟೀಲಿನ ಚಿಲಕ ತಂದರು. ಅತ್ತೆಯವರು ಅವರನ್ನು ಕೂಡಿಸಿ, ರೊಟ್ಟಿ ತಿನ್ನಿಸಿ, ಚಿಲಕವನ್ನು ಅವರ ಕೈಯಲ್ಲೇ ವಾಪಸ್ಸು ಕಳಿಸಿದರು. ಹೀಗಾಗಿ ಈಗ ನನಗೆ ಚಪಾತಿ ಮಾಡುವಾಗ ಲಟ್ಟಣಿಗೆ ಸಿಗುವುದು ಕಷ್ಟ.

ರೊಟ್ಟಿ ಮತ್ತೆ ಶುರುವಾದ ಆ ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತ ನಿಂತಿದ್ದೆ. ಬೆನ್ನ ಹಿಂದೆ ಸುಯ್ಯೆಂಬ ಸದ್ದಾಯಿತು. ತಿರುಗಿ ನೋಡಿದರೆ, ಹಾಲಿನಿಂದ ಹಲಗೆಯ ಮೇಲೆ ಒಂದು ಖಾಲಿ ಕಪ್ಪು ಒಂಟಿಯಾಗಿ ಪ್ರಯಾಣ ಮಾಡಿಕೊಂಡು ಬಂದು, ಫ್ರಿಜ್ಜಿನ ಪಕ್ಕ ನಿಂತಿತು. ಹಾಲಿನಿಂದ ಮಾತೇನೂ ಬರಲಿಲ್ಲ.

ನಾನು ಕೈ ಒರೆಸಿಕೊಂಡು ಚಹಾಕ್ಕೆ ನೀರಿಟ್ಟೆ.