ಜೆರಾಕ್ಸ್ ಹಾಳೆಯ ಬೆನ್ನಿಗೆ ಸೋತ ಆಟಗಳು

ಮೊನ್ನೆ ಮಡಿಕೇರಿಯಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸುತ್ತಿದ್ದೆ. ಯಂತ್ರದಿಂದ ಆಗಷ್ಟೇ ಬಿದ್ದ ಹಾಳೆಯ ಬಿಸಿ, ಆ ಇಂಕಿನ ವಾಸನೆ ಎರಡೂ ಒಟ್ಟಿಗೆ ತಾಗಿದ್ದೇ ಮುಖ ಸಿಂಡರಿಸಿದೆ. ಅಂಗಡಿಯವರು, "ಫೋಟೋ ಸರಿ ಬಂದಿಲ್ವಾ?" ಎಂದರು. ಫೋಟೋ ಎಂದಿನಷ್ಟೇ ಕೆಟ್ಟದಾಗಿತ್ತು. ಮುಖ ಕೆಟ್ಟಿದ್ದು ಬೇರೆ ಕಾರಣಕ್ಕೆ, ಕೇಳಿ.

ನಾನು ಕಾಲೇಜಿನಲ್ಲಿದ್ದಾಗ ಮಾದಾಪುರದಲ್ಲಿ ಪಾರ್ವತಕ್ಕನ ಜೆರಾಕ್ಸ್ ಅಂಗಡಿಯಿತ್ತು. ಚರ್ಚಾಸ್ಪರ್ಧೆಯ ಟಿಪ್ಪಣಿ ಜೆರಾಕ್ಸ್ ಮಾಡಿಸಲು ಹೋದವಳು, ಅಲ್ಲಿ ಕೌಂಟರ್ ಮೇಲೆ ಸದಾ ಹರಡಿರುತ್ತಿದ್ದ ಚೆಸ್ ಬೋರ್ಡಿಗೆ ಸಿಕ್ಕಿಬಿದ್ದೆ. ನಡುವೆ ಗಿರಾಕಿ ಬಂದರೆ ಅಕ್ಕ ಎದ್ದುಹೋಗುವಳು. ಬಂದು ಕೂತ ತಕ್ಷಣ ನನ್ನ ಆನೆ ಹೋಗುವುದು. ಅಲ್ಲಿ ನಡೆದ ಪ್ರತಿ ಆಟವನ್ನೂ ಹಾಳಾದ ಜೆರಾಕ್ಸಿನ ಹಿಂಬದಿಗೆ ಬರೆದಿಡುತ್ತಿದ್ದಳು. ಒಂದು ಮಗ್ಗುಲಲ್ಲಿ ಯಾರದೋ ಅರ್ಧ ಪಹಣಿ, ಇನ್ನೊಂದರಲ್ಲಿ ನನ್ನ ಪೂರ್ತಿ ಮಾನ.

ಆ ವರ್ಷ ಕಾಲೇಜಿನ ಚೆಸ್ ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಅದಕ್ಕೆ ನಾನು ಮತ್ತು ನನ್ನ ಸಹಪಾಠಿ ಸಫ್ರೀನಾ. ಅವಳೆದುರು ಆಗಲೇ ಮೂರು ಸಲ, ಹತ್ತು ನಡೆಯೊಳಗೇ ಆಟ ಕೆಡಿಸಿಕೊಂಡು ಸೋತಿದ್ದೆ.

"ಹಳೇ ಆಟ ಕೂತು ನೋಡೇ. ಶುರುವಲ್ಲೇ ಎಡವ್ತೀಯ," ಎಂದಳು ಅಕ್ಕ.

"ಬಾಯಿಪಾಠ ಮಾಡಿ ಆಡೋದೂ ಒಂದು ಆಟವೇನಕ್ಕ? ಬಾಯಿಪಾಠದವ್ರನ್ನ ನಾವು ವೇದಿಕೆ ಮೇಲೆ ನೀರಿಳಿಸ್ತೀವಿ."

"ಬಾಯಿಪಾಠ ಬೇಡ ಮಾರಾಯ್ತಿ. ಬರೀ ತೀರ್ಪು ಕೊಡು. ಅದಂತೂ ನಿಂಗೆ ಪ್ರಾಣ."

ಹೆಸರು ಮಡಿಸಿ ಮುಚ್ಚಿದ ನಾಲ್ಕು ಹಾಳೆ ಕೊಟ್ಟಳು. ನಾನು ಶುರುಮಾಡಿದೆ. ಬಿಳಿ ಕಾಯಿಯವರು ಮೂರನೇ ನಡೆಗೇ ರಾಣಿಯನ್ನು ಮೆರವಣಿಗೆ ಹೊರಡಿಸಿದ್ದಾರೆ; ಕುದುರೆಗಳಿನ್ನೂ ಲಾಯದಲ್ಲೇ ಇವೆ; ಎದುರಾಳಿ ಆ ರಾಣಿಯನ್ನು ಅಟ್ಟುತ್ತಲೇ ತನ್ನ ಕಾಯಿಗಳನ್ನೆಲ್ಲ ಹೊರಗೆ ತಂದಾಯಿತು; ಇದು ಆಟವಲ್ಲ, ಜಂಭ. ರೇಷನ್ ಕಾರ್ಡ್ ಹಿಡಿದು ನಿಂತಿದ್ದ ಅಜ್ಜರೊಬ್ಬರು ತಲೆಯಾಡಿಸುತ್ತ ಕೇಳುತ್ತಿದ್ದರು. ಮೂರನೇ ಹಾಳೆಯಲ್ಲಿ ಯಾಕೋ ಗುರುತು ಹತ್ತಿತು. ನನ್ನದೇ ಆಟ. ನಾಲ್ಕೂ.

ಸುಮ್ಮನಾಗಬಹುದಿತ್ತು. ಆದರೆ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ, ಚೀಟಿಯಲ್ಲಿ ಬಂದ ಕಡೆಗೆಲ್ಲ ವಾದಿಸಿ ಪಳಗಿದ ನಾಲಗೆ. "ಆದರೂ ಬಿಳಿಯವರ ಧೈರ್ಯ ಮೆಚ್ಚಬೇಕು," ಎಂದು ತಿರುಗಿದೆ.

ಅಜ್ಜ ಕನ್ನಡಕ ಸರಿಮಾಡಿಕೊಂಡರು. "ಅಲ್ಲವ್ವಾ, ಈಗ ತಾನೇ ಜಂಭ ಅಂದ್ಯಲ್ಲ?"

ಅಕ್ಕ ಯಂತ್ರದ ಕಡೆ ತಿರುಗಿ ನಿಂತಳು. ಅವಳ ಭುಜ ಅಲುಗುತ್ತಿತ್ತು.

ಆಯ್ಕೆಯ ದಿನ ಸಫ್ರೀನಾ ನನ್ನ ರಾಣಿಗಾಗಿ ತಯಾರಾಗಿಯೇ ಬಂದಿದ್ದಳು. ನಾನು ಎರಡು ಕುದುರೆ, ಒಂದು ಒಂಟೆ ಹೊರಗೆ ತಂದು, ರಾಜನನ್ನು ಮೂಲೆಗೆ ಸೇರಿಸಿ, ಕೈಕಟ್ಟಿ ಕೂತೆ. ಅವಳು ಬೋರ್ಡ್ ಬಿಟ್ಟು ನನ್ನ ಮುಖವನ್ನೇ ನೋಡಿದಳು, ಹುಷಾರಿಲ್ಲವೇನೋ ಎಂಬಂತೆ. ಆಟ ಎಳೆದೂ ಎಳೆದೂ ಕೊನೆಗೆ ನಾನು ಗೆದ್ದೆ. ಜಾಗ ಸಿಕ್ಕಿತು. ಮೂರು ವರ್ಷ ಆ ಗೆಲುವನ್ನು ಎಲ್ಲರಿಗೂ ಹೇಳಿದ್ದೇನೆ. ಅವತ್ತು ನಡೆಗಳನ್ನು ಬರೆದುಕೊಂಡ ಹಾಳೆಯನ್ನು ಮಾತ್ರ ಒಮ್ಮೆಯೂ ತೆಗೆದು ನೋಡಿರಲಿಲ್ಲ. ಗೆದ್ದ ವಾದವನ್ನು ಯಾರು ಮತ್ತೆ ಕೆದಕುತ್ತಾರೆ?

ಮೊನ್ನೆ ಮನೆಗೆ ಬಂದು ಕೆದಕಿದೆ. ಹನ್ನೊಂದನೇ ನಡೆಯಲ್ಲಿ ಅವಳು ಕುದುರೆ ಮುಂದಿಟ್ಟಿದ್ದರೆ ನನ್ನ ರಾಣಿಗೂ ಆನೆಗೂ ಒಂದೇ ಏಟು. ಆ ಜಾಗ ಅವಳದಾಗುತ್ತಿತ್ತು. ಕಂಪ್ಯೂಟರಿನ ಚೆಸ್ ಎಂಜಿನ್‌ಗೆ ಹಾಕಿ ನೋಡಿದೆ. ಅದೂ ನನ್ನ ಪರ ನಿಲ್ಲಲಿಲ್ಲ. ಫೋನ್ ಮಾಡಿ ಅವಳಿಗೇ ಹೇಳಿದೆ.

"ಗೊತ್ತು ಕಣೇ," ಎಂದಳು ಸಫ್ರೀನಾ. "ಅವತ್ತು ಬಸ್ ಹತ್ತೋಷ್ಟರಲ್ಲೇ ಗೊತ್ತಾಯ್ತು. ಹೇಳಿದ್ರೂ ನೀನು ಒಪ್ಪಲ್ಲ ಅಂತ ಸುಮ್ನಿದ್ದೆ."

ಉತ್ತರವೊಂದು ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡು, "ಭಾನುವಾರ ಬಾ, ಆಡೋಣ," ಎಂದೆ.