ಬೀಗರ ಊಟಕ್ಕೆ ವಿಸ್ಕಿ ಆರಿಸಿದ್ದು

ನಮ್ಮ ಮನೆ ಮಾಲೀಕರಿಗೆ ಮಗಳ ಮದುವೆಯಲ್ಲಿ ಛತ್ರದ ಚಿಂತೆ ಇರಲಿಲ್ಲ, ಒಡವೆಯ ಚಿಂತೆಯೂ ಇರಲಿಲ್ಲ. ಅವರ ತಲೆ ತಿಂದದ್ದು ಬೀಗರ ಊಟದ ವಿಸ್ಕಿ.

ಮದುವೆ ಮುಗಿದ ಮೇಲೆ ಹೆಣ್ಣಿನ ಮನೆಯವರು ಗಂಡಿನ ಕಡೆಯವರನ್ನು ಕರೆದು ಹಾಕುವ ಮಾಂಸದೂಟ ಅದು. ಮುಹೂರ್ತದ ದಿನ ಪಾಯಸ ತೆಳ್ಳಗಾದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಬೀಗರ ಊಟದಲ್ಲಿ ತುಂಡು ಚಿಕ್ಕದಾದರೆ, ಕುಡಿಯಲು ಕೊಟ್ಟದ್ದು ಸರಿ ಇಲ್ಲದಿದ್ದರೆ, ಆ ಮಾತು ಮೊಮ್ಮಗುವಿನ ನಾಮಕರಣದ ಪಂಕ್ತಿಯಲ್ಲೂ ಎದ್ದು ಬರುತ್ತದೆ. ಮಾಲೀಕರಿಗೆ ಅದರ ರುಚಿ ಆಗಲೇ ಸಿಕ್ಕಿತ್ತು. ನಿಶ್ಚಿತಾರ್ಥದ ದಿನ ಗಂಡಿನ ದೊಡ್ಡಪ್ಪ, ನೆಲಮಂಗಲ ಕಡೆಯ ಯಜಮಾನರು, ಬಾಟಲಿಯನ್ನು ಕೈಗೆತ್ತಿಕೊಂಡು, ಕನ್ನಡಕ ಏರಿಸಿ, ಲೇಬಲ್ ಪೂರ್ತಿ ಓದಿ, ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದ್ದರು: "ಇದನ್ನ ನಮ್ ತ್ವಾಟ್ದಾಗೆ ಬೋರ್‌ವೆಲ್ ಮೋಟ್ರು ತೊಳೆಯಕ್ಕೆ ಮಡಿಕ್ಕಂಡಿವ್ನಿ."

ಎಲ್ಲರೂ ನಕ್ಕರು. ಮಾಲೀಕರೂ ನಕ್ಕರು. ಆಮೇಲೆ ಮೂರು ವಾರ ಅವರು ನಗಲಿಲ್ಲ ಎಂದು ಅವರ ಹೆಂಡತಿ ನನ್ನ ಹೆಂಡತಿಗೆ ಹೇಳಿದರು.

ಮಾಲೀಕರು ಮಹದೇವಪುರದ ಹಳೆಯ ಊರಿನವರು. ಅವರ ತಂದೆ ರಾಗಿ, ಹುರುಳಿಕಾಯಿ ಬೆಳೆಯುತ್ತಿದ್ದ ಹೊಲದ ಒಂದು ತುದಿಯಲ್ಲಿ ಈಗ ಗಾಜಿನ ಟೆಕ್ ಪಾರ್ಕ್ ನಿಂತಿದೆ, ಇನ್ನೊಂದು ತುದಿಯಲ್ಲಿ ನಾನು ಬಾಡಿಗೆಗಿರುವ ಕಟ್ಟಡ. ಅದರ ತಾರಸಿಯ ಮೇಲೆ ಶೀಟು ಹಾಕಿದ ಒಂದು ಮೂಲೆಯನ್ನು ಅವರು ನಮ್ಮ ಕೂಟಕ್ಕೆ ಬಿಟ್ಟುಕೊಟ್ಟಿದ್ದರು. ಕೂಟ ಎಂದರೆ ಮೂರು ಜನ. ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದಿ ನಿವೃತ್ತನಾದ ನಾನು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೇರಿಂಗುಗಳ ಗುಣಮಟ್ಟ ಪರೀಕ್ಷಿಸಿ ನಿವೃತ್ತರಾದ, ಬಾಗಲಗುಂಟೆಯಿಂದ ಮೆಟ್ರೋ ಹಿಡಿದು ಬರುವ ಗೆಳೆಯರು. ಮೂರನೆಯವರು ಎದುರಿನ ಅಪಾರ್ಟ್‌ಮೆಂಟಿನ ಬ್ಯಾಂಕ್ ಅಧಿಕಾರಿ, ಹಾವೇರಿ ಕಡೆಯವರು, ಕೊರಳಲ್ಲಿ ಲಿಂಗ. ಅವರು ಕುಡಿಯುವುದಿಲ್ಲ, ಮೂಸುತ್ತಾರೆ. ಮೂಸುವುದಕ್ಕೆ ಶಾಸ್ತ್ರದಲ್ಲಿ ಅಡ್ಡಿ ಇಲ್ಲ ಎಂದು ತಾವೇ ತೀರ್ಮಾನಿಸಿದ್ದರು, ತಮ್ಮ ಸ್ವಾಮಿಗಳನ್ನು ಕೇಳಲು ಹೋಗಿರಲಿಲ್ಲ.

ದುಬಾರಿ ಬಾಟಲಿ ಚೆನ್ನಾಗಿರುವುದು ಸುದ್ದಿಯಲ್ಲ, ಸಾಧಾರಣ ಬೆಲೆಯದು ಚೆನ್ನಾಗಿದ್ದರೆ ಅದು ಸುದ್ದಿ ಎಂಬುದು ನಮ್ಮ ಕೂಟದ ನಿಲುವು. ಭಾನುವಾರ ಬೆಳಿಗ್ಗೆ, ಕಾಫಿಗೂ ಮೊದಲು, ನಾಲಿಗೆ ಶುಚಿಯಾಗಿರುವಾಗ ಕೂರುತ್ತಿದ್ದೆವು. ಪೀಣ್ಯದವರು ಬಾಟಲಿಗಳಿಗೆ ಹಳೆಯ ಕಾಲುಚೀಲ ತೊಡಿಸಿ ಸಂಖ್ಯೆ ಅಂಟಿಸುತ್ತಿದ್ದರು. "ಲೇಬಲ್ ಕಂಡ್ರೆ ನಾಲಿಗೆ ಸುಳ್ಳು ಹೇಳುತ್ತೆ ಗುರು" ಎಂಬುದು ಅವರ ಮೊದಲ ನಿಯಮ. ನನ್ನದು ಒಂದೇ ನಿಯಮ: 'ಅದ್ಭುತ', 'ಅಮೋಘ' ಇತ್ಯಾದಿ ನಡೆಯುವುದಿಲ್ಲ, ಯಾವುದರ ಹಾಗಿದೆ ಎಂದು ಹೇಳಬೇಕು. ಹೀಗಾಗಿ ಪೀಣ್ಯದವರ ವರ್ಣನೆಗಳೆಲ್ಲ ಕಾರ್ಖಾನೆಯಿಂದಲೇ ಬರುತ್ತಿದ್ದವು: ಹೊಸ ಬೇರಿಂಗ್, ಬಿಸಿಯಾದ ಬೆಲ್ಟ್, ಸೋಮವಾರ ಬೆಳಗಿನ ಗ್ರೀಸ್. ಬ್ಯಾಂಕಿನವರು ಕಣ್ಣು ಮುಚ್ಚಿ ಮೂಸಿ, "ಇದ್ರಾಗ ಹಬ್ಬದ ಮರುದಿನದ ಬಾಳೆಹಣ್ಣು ಐತ್ರಿ" ಎಂದರೆ, ನಮ್ಮಿಬ್ಬರಿಗೂ ಆ ಬಾಳೆಹಣ್ಣು ಸಿಕ್ಕೇ ಸಿಗುತ್ತಿತ್ತು.

ಅಂಥ ಒಂದು ಭಾನುವಾರ ಮಾಲೀಕರು ಮೆಟ್ಟಿಲು ಹತ್ತಿ ಬಂದು ಕುರ್ಚಿ ಎಳೆದುಕೊಂಡರು.

"ಸಾ, ನೀವ್ ಮೂರ್ ಜನ ಕುಡಿಯೋದ್ಕಿಂತ ಜಾಸ್ತಿ ಮಾತಾಡೋದ್ನ ನಾನ್ ನೋಡಿವ್ನಿ. ಈಗ ಆ ಮಾತು ನಂಗ್ ಬೇಕು. ಬೀಗ್ರ ಊಟಕ್ಕೆ ಒಂದ್ ವಿಸ್ಕಿ ಆರ್ಸಿ ಕೊಡಿ."

"ಎಂಥದು ಬೇಕು?" ಎಂದು ಕೇಳಿದೆ.

"ಮೋಟ್ರು ತೊಳೆಯಂಗಿರಬಾರ್ದು. ಅಂಗಂತ ಫಾರಿನ್ನೂ ಬ್ಯಾಡ. ಎಲ್ಡ್ ಬಸ್ ಜನ ಬತ್ತಾರೆ, ಎಲ್ರಿಗೂ ಫಾರಿನ್ ಕುಡಿಸಿದ್ರೆ ಈ ಕಟ್ಟಡದ ಮೂರ್ನೇ ಮಹಡಿ ಮಾರ್ಬೇಕಾಯ್ತದೆ. ಕುಡಿದ್ಮೇಲೆ ಆ ದೊಡ್ಡಪ್ಪ ಬಾಯ್ ಮುಚ್ಕೊಂಡು ಊಟ ಮಾಡ್ಬೇಕು, ಅಷ್ಟೇಯ."

ಮುಂದಿನ ಭಾನುವಾರ ಆರು ಬಾಟಲಿಗಳು ಕಾಲುಚೀಲ ತೊಟ್ಟು ಸಾಲಾಗಿ ನಿಂತವು. ಎಲ್ಲವೂ ನಮ್ಮ ದೇಶದವೇ, ನಡುವಿನ ಬೆಲೆಯವು. ಮಾಲೀಕರೂ ತೀರ್ಪುಗಾರರಾಗಿ ಕುಳಿತರು. ಪೀಣ್ಯದವರು ಒಂದು ಗುಟುಕು ತೆಗೆದುಕೊಂಡು ಬಾಯಲ್ಲಿ ತಿರುಗಿಸುವುದು ಹೇಗೆಂದು ತೋರಿಸಿ ಮುಗಿಸುವಷ್ಟರಲ್ಲಿ ಮಾಲೀಕರು ನಾಲ್ಕನೆಯ ಲೋಟ ಕೆಳಗಿಟ್ಟಿದ್ದರು.

"ಎಲ್ಲಾ ಚೆನ್ನಾಗವೆ" ಎಂದರು.

"ಹಂಗಲ್ಲ ಗೌಡ್ರೇ, ವ್ಯತ್ಯಾಸ ಹೇಳ್ಬೇಕು" ಎಂದರು ಪೀಣ್ಯದವರು.

"ಮೊದಲ್ನೇದು ಕುಡಿದಾಗ ನಂಗ್ ಟೆನ್ಷನ್ ಇತ್ತು. ನಾಕ್ನೇದ್ರಲ್ಲಿ ಇಲ್ಲ. ನಾಕ್ನೇದೇ ಇರ್ಲಿ ಬುಡಿ."

ಅವರ ಮತವನ್ನು ಕೈಬಿಟ್ಟೆವು. ನಾವು ಮೂವರೂ ಒಪ್ಪಿದ್ದು ಐದನೆಯದನ್ನು. ಗಂಟಲಲ್ಲಿ ಗೀರದೆ ಇಳಿಯುತ್ತಿತ್ತು. ಹುರಿದ ಕಡಲೆಬೇಳೆ, ಸ್ವಲ್ಪ ಜೇನು, ಕೊನೆಯಲ್ಲಿ ಒಣ ಮರ. ಬ್ಯಾಂಕಿನವರು ಅದನ್ನು ಮೂರು ಸಲ ಮೂಸಿ, "ಹೊಸಾ ಕಪಾಟಿನ ಬಾಗ್ಲಾ ತಗದಂಗ ಆತ್ರಿ" ಎಂದರು. ಕಾಲುಚೀಲ ಬಿಚ್ಚಿ ನೋಡಿದಾಗ ಮಾಲೀಕರ ಮುಖ ಇಳಿಯಿತು. ನಿಶ್ಚಿತಾರ್ಥದಲ್ಲಿ ಮೋಟಾರು ತೊಳೆಯುವ ಎಣ್ಣೆ ಎನಿಸಿಕೊಂಡಿತ್ತಲ್ಲ, ಅದಕ್ಕಿಂತ ಇದು ಒಂದೇ ಮೆಟ್ಟಿಲು ಮೇಲಿನದು.

"ಕುಡಿಯಕ್ ಚೆನ್ನಾಗೈತೆ ಸಾ, ಒಪ್ಕಂತೀನಿ. ಆದ್ರೆ ಆ ವಯ್ಯ ಕುಡಿಯಕ್ ಮುಂಚೆ ಓದ್ತಾನಲ್ಲ."

ಇದಕ್ಕೆ ಪೀಣ್ಯದವರಲ್ಲಿ ಉತ್ತರ ಸಿದ್ಧವಿತ್ತು. ಓದಲು ಏನೂ ಇಲ್ಲದಂತೆ ಮಾಡಿದರಾಯಿತು. ಬಾಟಲಿಗಳನ್ನೆಲ್ಲ ಮೊದಲೇ ಬಿಚ್ಚಿ ಸ್ಟೀಲ್ ಜಗ್ಗುಗಳಿಗೆ ಸುರಿದಿಟ್ಟು ಬಡಿಸುವುದು. ಲೇಬಲ್ ಇಲ್ಲ, ಬೆಲೆ ಇಲ್ಲ, ಬರೀ ರುಚಿ. ಎರಡು ಬಸ್ ಜನರಿಗೆ ಒಂದೇ ಸಲಕ್ಕೆ ನಿಷ್ಪಕ್ಷಪಾತ ಪರೀಕ್ಷೆ. ನಾವು ಮೂವರೂ ಇದನ್ನು ಮೆಚ್ಚಿದೆವು, ಮಾಲೀಕರು ಪೀಣ್ಯದವರ ಕೈ ಹಿಡಿದು ಕುಲುಕಿದರು. ನಾಲ್ಕು ಜನ ವಯಸ್ಸಾದವರಲ್ಲಿ ಒಬ್ಬರಿಗೂ ಹೊಳೆಯದ ಸಂಗತಿ ಊಟದ ದಿನ ಪಂಕ್ತಿಯಲ್ಲಿ ಕೂತ ಎಲ್ಲರಿಗೂ ಒಟ್ಟಿಗೆ ಹೊಳೆಯಿತು.

ಊಟ ನಡೆದದ್ದು ಮಧ್ಯಾಹ್ನ, ಟೆಕ್ ಪಾರ್ಕಿನ ಹಿಂದಿರುವ ಮಾಲೀಕರ ಖಾಲಿ ಸೈಟಿನ ಶಾಮಿಯಾನದಲ್ಲಿ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ನಾಟಿ ಕೋಳಿ. ಒಂದು ಬದಿಗೆ ಪರದೆ ಕಟ್ಟಿ ಕುಡಿಯುವವರಿಗೆ ಮೇಜು ಹಾಕಿದ್ದರು. ಬ್ಯಾಂಕಿನವರಿಗೆ ಪಕ್ಕದ ಮನೆಯಿಂದ ಬೇರೆ ಅಡುಗೆ ಬಂದಿತ್ತು. ಅವರು ಮೊಸರನ್ನದ ಬಟ್ಟಲು ಹಿಡಿದು ಪರದೆಯ ಒಳಗೇ ಕೂತಿದ್ದರು, ನಮ್ಮ ಆಯ್ಕೆಗೆ ಎಂಥ ತೀರ್ಪು ಬರುತ್ತದೆಂದು ನೋಡಲು.

ಜಗ್ಗುಗಳು ಬಂದವು. ಪಂಕ್ತಿಯಲ್ಲಿ ನೀರು ಬಡಿಸುವ ಜಗ್ಗುಗಳೂ ಅದೇ ಅಂಗಡಿಯವು, ಅದೇ ಅಳತೆಯವು. ದೊಡ್ಡಪ್ಪ ಕನ್ನಡಕ ಏರಿಸಿಕೊಂಡರು. ಓದಲು ಏನೂ ಸಿಗದೆ ಜಗ್ಗಿನ ಒಳಗೆ ಇಣುಕಿ ನೋಡಿದರು.

"ಬಾಟ್ಲಿ ಎಲ್ಲಿ?"

"ಇದೇ ಬೀಗ್ರೇ. ಅನುಕೂಲಕ್ಕೆ ಅಂತ ಜಗ್ಗಿಗೆ ಉಯ್ಸಿವ್ನಿ" ಎಂದರು ಮಾಲೀಕರು.

"ಯಾರ್ ಅನುಕೂಲಕ್ಕೆ?"

ಮಾಲೀಕರು ಲೋಟ ಮುಂದೆ ಸರಿಸಿದರು. ದೊಡ್ಡಪ್ಪ ಲೋಟಕ್ಕೆ ಸ್ವಲ್ಪ ಹಾಕಿಸಿಕೊಂಡು ಕುಡಿದರು, ಗಂಟಲು ಸವರಿಕೊಂಡರು, ಕಾದರು. ನಾವು ಒಂದಿಡೀ ಭಾನುವಾರ ಸುರಿದು ಹುಡುಕಿದ್ದು ಗಂಟಲಿಗೆ ಗೊತ್ತಾಗದಂತೆ ಇಳಿಯುವ ವಿಸ್ಕಿಯನ್ನು. ಅದು ಹಾಗೆಯೇ ಇಳಿಯಿತು.

"ಏನೂ ಉರೀತಾನೆ ಇಲ್ವಲ್ಲಲಾ" ಎಂದರು, ಪಕ್ಕದವರ ಕಡೆ ತಿರುಗಿ.

ಪಕ್ಕದವರು ಕುಡಿದು ತಲೆಯಾಡಿಸಿದರು. "ನೀರ್ ಬೆರ್ಸವ್ರೆ."

"ಸೀಲ್ ಒಡೆದಿದ್ನ ಯಾರ್ ನೋಡವ್ರೆ?" ಎಂದು ಇನ್ನೊಬ್ಬರು.

ಆಗ ಅರ್ಥವಾಯಿತು. ಈ ಕಡೆಯ ಬೀಗರ ಊಟದಲ್ಲಿ ಬಾಟಲಿಯ ಮುಚ್ಚಳವನ್ನು ಬೀಗರ ಕಣ್ಣೆದುರಿಗೇ ತಿರುಗಿಸಬೇಕು. ಸೀಲು ಕಟಕ್ ಎನ್ನುವುದನ್ನು ಅವರು ಕೇಳಬೇಕು. ಮಾಲೀಕರಿಗೂ ಅದು ಹುಟ್ಟಿದಾಗಿನಿಂದ ಗೊತ್ತು. ಲೇಬಲ್ಲಿನ ಹೆದರಿಕೆಯಲ್ಲಿ ಅವರು ಮರೆತಿದ್ದರು, ನಮ್ಮ ಕಾಲುಚೀಲಗಳು ಮರೆಸಿದ್ದವು. ಮಾತು ಪರದೆ ದಾಟಿ ಪಂಕ್ತಿಗೆ ಹೋಯಿತು. ಹೆಂಗಸರ ಸಾಲಿನಿಂದ ಗಂಡಿನ ಅಜ್ಜಿಯೊಬ್ಬರು, "ನೀರ್ ಬೆರ್ಸವ್ರಂತೆ, ಸಾರಿಗೂ ಬೆರ್ಸವ್ರೋ ಏನೋ ನೋಡ್ಕಂಡ್ ಉಣ್ರವ್ವ" ಎಂದದ್ದು ಈ ಕಡೆಗೆ ಸ್ಪಷ್ಟವಾಗಿ ಕೇಳಿಸಿತು. ಮದುಮಗಳು ತಲೆ ಎತ್ತಿ ಅಪ್ಪನನ್ನು ನೋಡಿದಳು.

ಪೀಣ್ಯದವರು ನನ್ನ ಕಿವಿಯಲ್ಲಿ, "ಇದು ನಾಲಿಗೆ ತಪ್ಪಲ್ಲ ಗುರು, ಮುಚ್ಚಳದ ಪ್ರಭಾವ. ಇದನ್ನ ನಾವು ಲೆಕ್ಕಕ್ಕೇ ತಗೊಂಡಿರ್ಲಿಲ್ಲ" ಎಂದರು. ಅವರ ದನಿಯಲ್ಲಿ ದುಃಖಕ್ಕಿಂತ ಕುತೂಹಲ ಹೆಚ್ಚಿತ್ತು.

ಅಡುಗೆಯವರ ಒಲೆಗಳ ಹಿಂದೆ ಬಿಚ್ಚದ ಒಂದು ಪೆಟ್ಟಿಗೆ ಉಳಿದಿತ್ತು. ಅದನ್ನು ತಂದರೆ ದೊಡ್ಡಪ್ಪ ಲೇಬಲ್ ಓದುತ್ತಾರೆ, ಮಾಲೀಕರು ಜಿಪುಣರಾಗುತ್ತಾರೆ. ತರದಿದ್ದರೆ ನೀರು ಬೆರೆಸಿದವರಾಗುತ್ತಾರೆ. ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ನಿಂತರು. ಆಮೇಲೆ ತಾವೇ ಹೋಗಿ ಒಂದು ಬಾಟಲಿ ತಂದು, ಲೇಬಲ್ ಮುಂದೆ ಕಾಣುವಂತೆ ಹಿಡಿದು, ದೊಡ್ಡಪ್ಪನ ಮುಂದೆ ಇಟ್ಟರು.

"ಇದೇ ಬೀಗ್ರೇ ಜಗ್ಗಿನಾಗಿರದು. ದೊಡ್ಡ್ ರೇಟಿಂದಲ್ಲ. ಆದ್ರೆ ನನ್ ಮಗಳಾಣೆ, ಒಂದ್ ತೊಟ್ಟು ನೀರ್ ಬೆರೆಸಿಲ್ಲ."

ದೊಡ್ಡಪ್ಪ ಬಾಟಲಿ ಎತ್ತಿ ಓದಿದರು. ಹಿಂದಿನ ಸಣ್ಣ ಅಕ್ಷರಗಳನ್ನೂ ಬಿಡಲಿಲ್ಲ. ಅವರು ಮುಚ್ಚಳ ತಿರುಗಿಸಿದರು. ಸೀಲು ಕಟಕ್ ಎಂದಿತು. ಲೋಟಕ್ಕೆ ಸುರಿದು ಕುಡಿದರು, ಕಣ್ಣು ಮುಚ್ಚಿ ತೆಗೆದರು.

"ಆಂ. ಇದು ಐತೆ ನೋಡು."

ಪಕ್ಕದವರಿಗೂ ಕೊಟ್ಟರು. "ಇದು ಉರೀತದೆ" ಎಂದು ಅವರೂ ಒಪ್ಪಿದರು. ಎರಡೂ ಒಂದೇ ಎಂದು ಹೇಳಲು ಪೀಣ್ಯದವರು ಬಾಯಿ ತೆರೆದಾಗ ನಾನು ಅವರ ಮೊಣಕೈ ಹಿಡಿದೆ. ಒಂದೇ ಎಂದು ಸಾಬೀತಾದರೆ ದೊಡ್ಡಪ್ಪನ ಮಾತು ತಪ್ಪಾಗುತ್ತದೆ. ಬೀಗರ ಊಟದಲ್ಲಿ ಅದು ಇನ್ನೂ ಕೆಟ್ಟದು.

ಆದರೆ ಜಗ್ಗುಗಳು ಸಾಲಾಗಿ ಅಲ್ಲೇ ಇದ್ದವು, ಪೆಟ್ಟಿಗೆಯಲ್ಲಿದ್ದದ್ದು ಎರಡು ಬಸ್ಸಿಗೆ ಸಾಲುವಂತಿರಲಿಲ್ಲ. ದೊಡ್ಡಪ್ಪ ಜಗ್ಗುಗಳನ್ನು ನೋಡಿದರು, ಮಾಲೀಕರನ್ನು ನೋಡಿದರು, ಪರದೆಯ ಸಂದಿನಿಂದ ಕಾಣುತ್ತಿದ್ದ ಮದುಮಗಳ ಕಡೆಗೂ ಒಮ್ಮೆ ನೋಡಿದರು. ಆಮೇಲೆ ಎದ್ದು ಬಾಟಲಿ ಹಿಡಿದು ಸಾಲಿನ ಉದ್ದಕ್ಕೂ ನಡೆದರು. ಒಂದೊಂದು ಜಗ್ಗಿಗೂ ಒಂದೊಂದು ಮುಚ್ಚಳದಷ್ಟು ವಿಸ್ಕಿ ಹಾಕಿ ಸೌಟಿನಿಂದ ತಿರುವಿದರು, ರಾತ್ರಿ ಹಾಲಿಗೆ ಹೆಪ್ಪು ಹಾಕುವ ಹಾಗೆ.

"ಜಗ್ಗಿನಾಗೆ ಇಟ್ಟು ಇಟ್ಟು ಸಪ್ಪೆ ಆಗೋಗಿತ್ತು, ಅಷ್ಟೇಯ" ಎಂದರು. "ಈಗ ಗಂಟ್ಲು ಇಡ್ಕಂತದೆ. ತಗಳ್ರಲಾ."

ಜನ ಇನ್ನೂ ಅನುಮಾನಿಸುತ್ತಿದ್ದರು. ದೊಡ್ಡಪ್ಪ ಸುತ್ತ ನೋಡಿ ಬ್ಯಾಂಕಿನವರ ಮೇಲೆ ಕಣ್ಣು ನಿಲ್ಲಿಸಿದರು. ಕುಡಿಯದೆ ಮೂಸಿಯೇ ಹೇಳುವವರೆಂದು ಮಾಲೀಕರು ಅವರನ್ನು ಬಂದ ಕೂಡಲೇ ಪರಿಚಯಿಸಿದ್ದರು. "ಮೂಸಿ ಏಳೋರು ನೀವೇ ಅಲ್ವರಾ? ಮೂಸಿ ಏಳಿ, ಎಲ್ರೂ ಕೇಳ್ಲಿ."

ಬ್ಯಾಂಕಿನವರು ಮೊಸರನ್ನ ಕೆಳಗಿಟ್ಟು ಜಗ್ಗಿನ ಮೇಲೆ ಬಾಗಿದರು. ವಾಸನೆಯ ವಿಷಯದಲ್ಲಿ ಅವರು ಯಾರ ಮುಲಾಜಿಗೂ ಒಳಗಾದದ್ದನ್ನು ನಾನು ಕಂಡಿಲ್ಲ. ಮಾಲೀಕರು ಟವೆಲ್ಲಿನ ತುದಿಯನ್ನು ಹಿಂಡುತ್ತಿದ್ದರು. ಬ್ಯಾಂಕಿನವರು ನಿಧಾನವಾಗಿ ತಲೆ ಎತ್ತಿದರು.

"ಈಗ ಇದ್ರಾಗ ಯಾವ ದೋಷಾನೂ ಇಲ್ರಿ" ಎಂದರು.

ಆ ವಾಕ್ಯವನ್ನು ನಾನು ಮನಸ್ಸಿನಲ್ಲೇ ಎರಡು ಸಲ ತಿದ್ದಲು ನೋಡಿದೆ. ತೆಗೆಯಬೇಕಾದ ಪದ ಒಂದೂ ಇರಲಿಲ್ಲ, ಸುಳ್ಳೂ ಇರಲಿಲ್ಲ.

ಜಗ್ಗುಗಳು ಕೈಯಿಂದ ಕೈಗೆ ಹೊರಟವು. "ಈಗ ಸರ್ಯಾಗ್ ಉರೀತೈತೆ" ಎಂದು ಒಬ್ಬರು, "ಹೆಪ್ಪಾಕಿದ್ಮೇಲೆ ಗಟ್ಟಿ ಆಯ್ತು ಕಣಪ್ಪ" ಎಂದು ಇನ್ನೊಬ್ಬರು. ಅಜ್ಜಿಯೂ ಒಂದು ಲೋಟ ಕಳಿಸಲು ಹೇಳಿಕಳಿಸಿದರು, ಕುಡಿದು, ಸಾರಿನ ಬಗ್ಗೆ ಇನ್ನೇನೂ ಹೇಳಲಿಲ್ಲ. ದೊಡ್ಡಪ್ಪನಿಗೆ ಎರಡೂ ಒಂದೇ ಎಂದು ಗೊತ್ತಿತ್ತೋ ಇಲ್ಲವೋ ಎಂಬುದರ ಮೇಲೆ ನಮ್ಮ ಕೂಟದಲ್ಲಿ ಈಗಲೂ ಒಮ್ಮತವಿಲ್ಲ. ಪೀಣ್ಯದವರು ಗೊತ್ತಿರಲಿಲ್ಲ ಎನ್ನುತ್ತಾರೆ, ಬ್ಯಾಂಕಿನವರು ಗೊತ್ತಿತ್ತು ಎನ್ನುತ್ತಾರೆ. ನಾನು ದೊಡ್ಡಪ್ಪನನ್ನು ಕೇಳಲಿಲ್ಲ, ಹಾಗಾಗಿ ಬರೆಯುವಂತಿಲ್ಲ.

ಕಂಡದ್ದನ್ನು ಬರೆಯಬಹುದು. ಕೊನೆಯ ಪಂಕ್ತಿ ಕೂರುವಾಗ ದೊಡ್ಡಪ್ಪ ತಮ್ಮ ಪಕ್ಕದ ಎಲೆಗೆ ಯಾರನ್ನೂ ಕೂರಗೊಡಲಿಲ್ಲ. "ಬೀಗ್ರೇ, ಎಷ್ಟೊತ್ತು ನಿಂತಿರ್ತೀರಿ, ಬನ್ನಿ" ಎಂದು ಕರೆದರು. ಬೆಳಿಗ್ಗೆಯಿಂದ ಒಂದು ಲೋಟ ಕಾಫಿಯ ಮೇಲೆ ನಿಂತಿದ್ದ ಮಾಲೀಕರು ಬಂದು ಕೂತರು. ದೊಡ್ಡಪ್ಪ ಬಡಿಸುವವನನ್ನು ತಡೆದು, ಸೌಟು ತಾವೇ ಇಸಿದುಕೊಂಡು, ಬಕೆಟ್ಟಿನ ತಳದಲ್ಲಿ ಕೆದಕಿ, ಮಜ್ಜೆ ತುಂಬಿದ ಒಂದು ನಲ್ಲಿ ಮೂಳೆ ಹುಡುಕಿ ಬೀಗರ ಎಲೆಗೆ ಹಾಕಿದರು. ಮಾಲೀಕರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಸದ್ದು ಮಾಡಿ ಚೀಪಿದರು.