ಕಾರ್ಡಿನಲ್ಲಿ ಬರೆದಷ್ಟೇ
ಹಿಂದೂಪುರದಲ್ಲಿ ಚಿತ್ರದ ಪ್ರಾಣಿಗಳು ಕಾದಾಡುವ ಕಾರ್ಡ್ ಆಟದ ಜಗಳ ಎಲ್ಲೇ ಎದ್ದರೂ ಫ್ಯಾನ್ಸಿ ಸ್ಟೋರ್ ಆನಂದಕುಮಾರ್ ಮುಂದೆಯೇ ಇತ್ಯರ್ಥ ಆಗಬೇಕು. ಅವರು ಕನ್ನಡಕ ಏರಿಸಿ, ಕಾರ್ಡಿನ ಅಡಿಯ ಇರುವೆಯಂಥ ಅಕ್ಷರಗಳನ್ನು ಹೈಕೋರ್ಟ್ ಜಡ್ಜಿಯ ಗತ್ತಿನಲ್ಲಿ ಮೂರು ಸಲ ಓದುತ್ತಾರೆ. ಮೊನ್ನೆ ಫೈನಲ್‌ನಲ್ಲಿ ಅವರ ಮಗಳು ಭಾರ್ಗವಿಯೇ, “ಅಪ್ಪಾ, ನನ್ನ ಡ್ರ್ಯಾಗನ್ ಇನ್ನೊಂದ್ಸಲ ಬೆಂಕಿ ಉಗುಳ್ಬೋದಲ್ವಾ?” ಎಂದು ಕೇಳಿದಳು. “ಕಣಕ್ಕೆ ಇಳಿದಾಗ ಒಂದೇ ಸಲ ಅಂತ ಬರ್ದೈತೆ. ಕಾರ್ಡಾಗಿಲ್ದಿದ್ದು ಆಟದಾಗೂ ಇಲ್ಲ ಕಣಮ್ಮ, ಅಂತೇ, ಅಷ್ಟೇ!” ಎಂದು ಸೋಲಿಸಿಯೇ ಬಿಟ್ಟರು. ಹಿಂದೆ ಅವರು ರೇಷ್ಮೆ ಮಗ್ಗದ ಡಿಸೈನ್ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದವರು. ಮಗ್ಗ ತೂತು ಇದ್ದಂತೆ ನೇಯುತ್ತದೆ, ದಾಕ್ಷಿಣ್ಯ ನೋಡುವುದಿಲ್ಲ. ತಮ್ಮ ಮದುವೆಯ ಧಾರೆ ಸೀರೆಗೆ ತಾವೇ ಕಾರ್ಡು ಹೊಡೆಯುವಾಗ ಖುಷಿಯಲ್ಲಿ ಒಂದು ಸಾಲು ತೂತು ಮರೆತರು. ಹೆಂಡತಿ ಬನಶಂಕರಿ ಪ್ರತಿ ಹಬ್ಬಕ್ಕೂ ಉಡುವ ಆ ಸೀರೆಯ ಅಂಚಿನಲ್ಲಿ ಇವತ್ತಿಗೂ ಒಂದು ನವಿಲಿಗೂ ಕೊಕ್ಕಿಲ್ಲ.